ಬೆನ್ನು ನೋವಿಗೆ ಇನ್ವರ್ಶನ್ ಸಾಧನ: ಎಷ್ಟು ತಿರುಗುತ್ತದೆ ಅನ್ನೋದಕ್ಕಿಂತ ಎಲ್ಲಿ ಹಿಡಿಯುತ್ತದೆ ಅನ್ನೋದು ಮುಖ್ಯ

ಪ್ರಶ್ನೆ: ನನಗೆ 46 ವರ್ಷ. ಎತ್ತರ 178 ಸೆಂ.ಮೀ., ತೂಕ 88 ಕೆಜಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಎರಡು ವರ್ಷದಿಂದ ಸೊಂಟ ನೋವು ಬಂದು ಹೋಗಿ ಮಾಡುತ್ತಿದೆ. ಒಮ್ಮೊಮ್ಮೆ ಎಡಗಾಲಿನ ಮೀನಖಂಡದ ತನಕ ಎಳೆಯುತ್ತದೆ. ಎಂಆರ್‌ಐಯಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಅಂತ ಬಂದಿದೆ. ಆಪರೇಷನ್ ಬೇಡ, ವ್ಯಾಯಾಮ ಮಾಡಿ ಅಂದಿದ್ದಾರೆ. ಬಿಪಿಗೆ ದಿನಾ ಒಂದು ಮಾತ್ರೆ ತಗೊಳ್ತೇನೆ. ಗೆಳೆಯರೊಬ್ಬರು ಇನ್ವರ್ಶನ್ ಟೇಬಲ್ (ಪಾದ ಬಿಗಿದು ಮಲಗಿ ತಲೆಕೆಳಗಾಗಿ ವಾಲುವ ಹಲಗೆ) ಬಳಸಿ ತುಂಬ ಆರಾಮ ಆಯ್ತು ಅನ್ನುತ್ತಾರೆ. ನೋಡಲು ಹೋದರೆ ಟೇಬಲ್, ಗ್ರಾವಿಟಿ ಬೂಟ್ಸ್, ಕುರ್ಚಿ, ಜೋಲಿ ಅಂತ ಹತ್ತಾರು ಬಗೆ ಇವೆ. ನನಗೆ ಯಾವುದು ಸರಿ? ಅದನ್ನೇ ನನ್ನ ಹೆಂಡತಿ ಸುಮ್ನೆ ಸ್ಟ್ರೆಚಿಂಗ್‌ಗೆ ಬಳಸಬಹುದಾ? ಅವಳಿಗೆ 44 ವರ್ಷ, ಎತ್ತರ 155 ಸೆಂ.ಮೀ.

ಉತ್ತರ: ಮೊದಲು ಬಿಪಿ ಮಾತ್ರೆಯ ವಿಷಯ ಮಾತಾಡೋಣ. ಡಿಸ್ಕ್ ಆಮೇಲೆ.

ತಲೆ ಕೆಳಗಾದಾಗ ಕಾಲು ಮತ್ತು ಹೊಟ್ಟೆಯ ಭಾಗದ ರಕ್ತ ಎದೆ, ತಲೆಯ ಕಡೆಗೆ ಇಳಿಯುತ್ತದೆ. ತಲೆಯ ಭಾಗದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟು ಇರುತ್ತದೆ. ಶೀರ್ಷಾಸನ ಮಾಡುವವರಲ್ಲಿ ಅಳೆದು ನೋಡಿದಾಗ ಇದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅಂತ ಗೊತ್ತಾಗಿದೆ. ಆರೋಗ್ಯವಂತರಿಗೆ ನೇರ ನಿಂತ ಕೂಡಲೇ ಅದು ಇಳಿದುಬಿಡುತ್ತದೆ. ಗ್ಲುಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ ಇರುವವರಿಗೆ ಆ ಏರಿಕೆಯೇ ಅಪಾಯ ಆಗಬಹುದು. ಈ ಕಾಯಿಲೆಯ ತೊಂದರೆ ಏನೆಂದರೆ, ಶುರುವಿನಲ್ಲಿ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ನೋವಿಲ್ಲ, ಕೆಂಪಿಲ್ಲ, ನೋಟವೂ ಸರಿಯಾಗೇ ಇರುತ್ತದೆ.

ಹಾಗಾಗಿ ನಿಮ್ಮ ಮೊದಲ ಖರ್ಚು ಯಂತ್ರಕ್ಕೆ ಬೇಡ, ಎರಡು ಭೇಟಿಗಳಿಗೆ ಇರಲಿ. ಒಂದು ಕಣ್ಣಿನ ಡಾಕ್ಟರ ಹತ್ತಿರ, ಒತ್ತಡ ಅಳೆಸಿ, ರೆಟಿನಾ ತೋರಿಸಿ ಬರಲು. ಇನ್ನೊಂದು ಬಿಪಿ ನೋಡುವ ಡಾಕ್ಟರ ಹತ್ತಿರ. ಅವರನ್ನು ಸುಮ್ನೆ ‘ಇನ್ವರ್ಶನ್ ಮಾಡಬಹುದಾ’ ಅಂತ ಕೇಳಬೇಡಿ. ಎಷ್ಟು ಡಿಗ್ರಿ, ಎಷ್ಟು ನಿಮಿಷ, ದಿನಕ್ಕೆ ಎಷ್ಟು ಸಲ ಅಂತ ಬಿಡಿಸಿ ಹೇಳಿ ಕೇಳಿ. ಮನೆಯಲ್ಲಿ ಒಂದೆರಡು ವಾರ ಬರೆದಿಟ್ಟ ಬಿಪಿ ರೀಡಿಂಗ್ ಜೊತೆಗೆ ತಗೊಂಡು ಹೋಗಿ. ಮಾತ್ರೆಯಿಂದ ಬಿಪಿ ಹತೋಟಿಯಲ್ಲಿದ್ದರೆ ಕೆಲವು ಡಾಕ್ಟರು ಕಡಿಮೆ ಕೋನಕ್ಕೆ ಒಪ್ಪಬಹುದು. ಹತೋಟಿಯಲ್ಲಿ ಇಲ್ಲದಿದ್ದರೆ ಬೇಡವೇ ಬೇಡ. ಟೇಬಲ್ ತಯಾರಿಸುವವರೇ ಕೈಪಿಡಿಯಲ್ಲಿ ಹೆಚ್ಚು ಬಿಪಿ ಇರುವವರಿಗೆ ಎಚ್ಚರಿಕೆ ಬರೆದಿರುತ್ತಾರೆ. ಮಾರುವಾಗ ಮಾತ್ರ ಆ ಪುಟವನ್ನು ಯಾರೂ ತೆಗೆದು ತೋರಿಸುವುದಿಲ್ಲ.

ನಿಮ್ಮ ಪ್ರಶ್ನೆ ಓದುವ ಬೇರೆಯವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಗ್ಲುಕೋಮಾ, ರೆಟಿನಾ ತೊಂದರೆ, ಹೃದಯದ ಕಾಯಿಲೆ, ಹಿಂದೆ ಸ್ಟ್ರೋಕ್ ಆಗಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು, ಮೂಳೆ ಸವೆತ ಜಾಸ್ತಿ ಇರುವವರು, ಇತ್ತೀಚೆಗೆ ಮೂಳೆ ಮುರಿದವರು ಅಥವಾ ಆಪರೇಷನ್ ಆದವರು, ಬೆನ್ನಲ್ಲಿ ರಾಡು-ಸ್ಕ್ರೂ ಇರುವವರು, ಹರ್ನಿಯಾ ಇರುವವರು, ಒಂದು ಮೂಳೆ ಇನ್ನೊಂದರ ಮೇಲೆ ಜಾರಿದೆ ಅಂತ ವರದಿ ಬಂದವರು, ತಲೆಸುತ್ತು ಅಥವಾ ಕಿವಿಯ ಸೋಂಕು ಇರುವವರು ತಾವಾಗೇ ಇದಕ್ಕೆ ಕೈ ಹಾಕಬಾರದು. ಎದೆಯುರಿ, ಹುಳಿತೇಗು ಇರುವವರಿಗೆ ಇದು ಅಪಾಯಕ್ಕಿಂತ ಹಿಂಸೆ.

ಇನ್ನೊಂದು ಮಾತು. ಮೂತ್ರ ಅಥವಾ ಮಲದ ಹತೋಟಿ ತಪ್ಪುವುದು, ಕೂರುವ ಜಾಗದಲ್ಲಿ ಜೋಮು ಹಿಡಿಯುವುದು, ಪಾದ ಎತ್ತಲಾಗದಷ್ಟು ಬಲ ಕಡಿಮೆಯಾಗುವುದು, ಎರಡೂ ಕಾಲಿಗೆ ಒಟ್ಟಿಗೆ ಜೋಮು ಬರುವುದು, ಇವುಗಳಲ್ಲಿ ಯಾವುದು ಕಂಡರೂ ಯಂತ್ರದ ಯೋಚನೆ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ನರದ ಗೊಂಚಲಿನ ಮೇಲೆ ಒತ್ತಡ ಬಿದ್ದಿರಬಹುದು. ಅಲ್ಲಿ ಗಂಟೆಗಳ ಲೆಕ್ಕ ಮುಖ್ಯ.

ಈಗ ಡಿಸ್ಕ್. ವರದಿಯಲ್ಲಿ ‘ಉಬ್ಬಿದೆ’ ಅಂತ ಓದಿ ಎದೆ ಧಸಕ್ಕೆಂದಿರಬಹುದು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. 40ರ ವಯಸ್ಸಿನವರಲ್ಲಿ ಅರ್ಧದಷ್ಟು ಜನಕ್ಕೆ, 50ರ ವಯಸ್ಸಿನವರಲ್ಲಿ ಶೇ. 60ರಷ್ಟು ಜನಕ್ಕೆ ಡಿಸ್ಕ್ ಉಬ್ಬಿತ್ತು. ಅವರಿಗೆ ಯಾರಿಗೂ ಬೆನ್ನು ನೋವಿರಲಿಲ್ಲ. ಅಂದರೆ ನಿಮ್ಮ ಗುರಿ ಉಬ್ಬನ್ನು ಒಳಗೆ ತಳ್ಳುವುದಲ್ಲ, ನೋವು ಕಡಿಮೆ ಮಾಡಿಕೊಂಡು ಮೈ ಆಡುವ ಹಾಗೆ ನೋಡಿಕೊಳ್ಳುವುದು. ತಲೆಕೆಳಗೆ ನೇತುಬಿದ್ದರೆ ಡಿಸ್ಕ್ ಒಳಗೆ ಎಳೆದುಕೊಳ್ಳುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಹಾಗಾದರೆ ಇದರಿಂದ ಉಪಯೋಗ ಇದೆಯೋ ಇಲ್ಲವೋ? ಬೆನ್ನನ್ನು ಎಳೆದು ನೋವು ಕಳೆಯುವ ಯೋಚನೆ ಬಹಳ ಹಳೆಯದು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನಲ್ಲಿ ರೋಗಿಗಳನ್ನು ಏಣಿಗೆ ಕಟ್ಟಿ ತಲೆಕೆಳಗು ಮಾಡುತ್ತಿದ್ದರು. ಹಿಪ್ಪೊಕ್ರೆಟಿಸ್ ಅದನ್ನು ವಿವರವಾಗಿ ಬರೆದಿದ್ದಾನೆ. ಜನರನ್ನು ಬೆರಗುಗೊಳಿಸಲು ಇದನ್ನು ಮಾಡುವ ವೈದ್ಯರನ್ನು ಟೀಕಿಸಿಯೂ ಇದ್ದಾನೆ. ನಮ್ಮ ಕಾಲಕ್ಕೆ ಬಂದರೆ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆ 32 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಟ್ರಾಕ್ಷನ್ (ಬೆನ್ನು ಎಳೆಯುವ ಚಿಕಿತ್ಸೆ) ಒಂದರಿಂದಲೇ ಸೊಂಟ ನೋವಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ ಅಂತ ಅದು ಹೇಳಿತು. ಇನ್ನೊಂದು ಕಡೆ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗ ಇದೆ. ಒಂದೇ ಡಿಸ್ಕ್‌ನ ತೊಂದರೆಗೆ ಆಪರೇಷನ್‌ಗಾಗಿ ಕಾಯುತ್ತಿದ್ದವರನ್ನು ಆರಿಸಿಕೊಂಡಿದ್ದರು. ಇನ್ವರ್ಶನ್ ಮಾಡಿದ 13 ಜನರಲ್ಲಿ 10 ಜನಕ್ಕೆ ಆಪರೇಷನ್ ತಪ್ಪಿತು. ಬರೀ ಫಿಸಿಯೋಥೆರಪಿ ಪಡೆದ ಗುಂಪಿನಲ್ಲಿ ಹಾಗೆ ತಪ್ಪಿದ್ದು ಕೆಲವರಿಗೆ ಮಾತ್ರ. ಆಸೆ ಹುಟ್ಟಿಸುವ ಫಲಿತಾಂಶ ಇದು. ಆದರೆ ಅಷ್ಟು ಕಡಿಮೆ ಜನರನ್ನು ನೋಡಿ ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾಗದು.

ನಾನು ಕಂಡಂತೆ, ಇದು ಕೆಲವರಿಗೆ ಕೆಲವು ಗಂಟೆಗಳ ಆರಾಮ ಕೊಡುತ್ತದೆ. ಆ ಆರಾಮದ ಹೊತ್ತಿನಲ್ಲಿ ಅವರು ನಡೆದರೆ, ವ್ಯಾಯಾಮ ಮಾಡಿದರೆ ಲಾಭ. ನೇತುಬಿದ್ದು ಎದ್ದು ಮತ್ತೆ ಕುರ್ಚಿಗೆ ಹೋಗಿ ಕೂತರೆ ಸಂಜೆಗೆ ನೋವು ವಾಪಸ್.

ಆರಿಸುವ ವಿಷಯಕ್ಕೆ ಬರುತ್ತೇನೆ. ಯಾವ ಸಾಧನ ನೋಡಿದರೂ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ನನ್ನ ದೇಹವನ್ನು ಎಲ್ಲಿ ಹಿಡಿಯುತ್ತದೆ? ಸೊಂಟ ಹಿಗ್ಗಬೇಕಾದರೆ ಹಿಡಿತ ಸೊಂಟಕ್ಕಿಂತ ಕಾಲಿನ ಕಡೆ ಇರಬೇಕು, ಉಳಿದ ಮೈ ಅಲ್ಲಿಂದ ಜೋತುಬೀಳಬೇಕು. ಪಾದದ ಗಂಟು, ತೊಡೆ, ಕಟಿ (ತೊಡೆ ಮೈಗೆ ಸೇರುವ ಜಾಗ), ಇವುಗಳಲ್ಲಿ ಎಲ್ಲಿ ಹಿಡಿದರೂ ಸೊಂಟಕ್ಕೆ ಎಳೆತ ಸಿಗುತ್ತದೆ. ಹಿಡಿತ ಭುಜದಲ್ಲೋ ತಲೆಯಲ್ಲೋ ಇದ್ದರೆ ಲೆಕ್ಕ ಉಲ್ಟಾ. ಆಗ ಪೃಷ್ಠ ಮತ್ತು ಕಾಲುಗಳ ಭಾರವೆಲ್ಲ ಮೇಲಿನಿಂದ ಸೊಂಟದ ಮೇಲೇ ಕೂರುತ್ತದೆ. ಭುಜ ಊರಿ ಶೀರ್ಷಾಸನ ಮಾಡಲು ಸಿಗುವ ಮೆತ್ತೆಯ ಬೆಂಚುಗಳು ಈ ಜಾತಿಯವು. ಕುತ್ತಿಗೆಯ ಭಾರ ತಪ್ಪಿಸಲು ಅವು ಒಳ್ಳೆಯವೇ. ಸೊಂಟದ ಡಿಸ್ಕ್‌ಗೆ ಮಾತ್ರ ಅವುಗಳಿಂದ ಎಳೆತ ಸಿಗುವುದಿಲ್ಲ, ಒತ್ತಡ ಬೀಳುತ್ತದೆ. ತಲೆಕೆಳಗಾದ ಮಾತ್ರಕ್ಕೆ ಬೆನ್ನು ಹಿಗ್ಗುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಆ ಬೆಂಚುಗಳನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ.

ಗ್ರಾವಿಟಿ ಬೂಟ್ಸ್ ಕೂಡ ನಿಮಗೆ ಬೇಡ. ಕಾಲಿಗೆ ಕಟ್ಟಿಕೊಂಡು, ಕೊಕ್ಕೆಯಿಂದ ಕಂಬಿಗೆ ನೇತುಬೀಳುವ ಪಟ್ಟಿಗಳು ಇವು. ಹಿಡಿತವೇನೋ ಪಾದದ ಗಂಟಿನಲ್ಲೇ ಇದೆ. ಆದರೆ ಕೊಕ್ಕೆಯನ್ನು ಕಂಬಿಗೆ ಸಿಕ್ಕಿಸಲು ಹೊಟ್ಟೆಯ ಬಲದಿಂದ ಕಾಲನ್ನು ತಲೆಗಿಂತ ಮೇಲೆ ಎತ್ತಬೇಕು. ಇಳಿಯಲು ಮತ್ತೆ ಮೈ ಮಡಚಿ ಕಂಬಿ ಹಿಡಿಯಬೇಕು. ನೇತಾಡುವಾಗ ಸೊಂಟ ಹಿಡಿದುಕೊಂಡುಬಿಟ್ಟರೆ ಇಳಿಯುವುದೇ ಕಷ್ಟ. ನಡುವಿನ ಕೋನವೂ ಇಲ್ಲ, ಇರುವುದು ಪೂರ್ತಿ ತಲೆಕೆಳಗಾದ ಭಂಗಿ ಒಂದೇ. ಬಿಪಿ ಇರುವವರಿಗೆ, ನೋವಿರುವವರಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ.

ಇನ್ವರ್ಶನ್ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಬೆಲ್ಟ್ ಬಿಗಿದು, ಹಿಂದಕ್ಕೆ ವಾಲಬೇಕು. ಭಾರ ತೊಡೆ ಮತ್ತು ಪಾದಕ್ಕೆ ಹಂಚಿಹೋಗುತ್ತದೆ. ಮಂಡಿ ಅಥವಾ ಪಾದದ ಗಂಟು ನೋಯುವವರಿಗೆ ಇದು ಹಿತ. ಹತ್ತಿ ಇಳಿಯುವುದೂ ಸುಲಭ. ಆದರೆ ಮೈ ಕೂತ ಭಂಗಿಯಲ್ಲೇ ಇರುವುದರಿಂದ ಸೊಂಟಕ್ಕೆ ಸಿಗುವ ಎಳೆತ ಟೇಬಲ್‌ಗಿಂತ ಕಡಿಮೆ.

ತೊಡೆಯ ಮುಂಭಾಗವನ್ನು ಮೆತ್ತೆಗೆ ಒತ್ತಿ, ಕಟಿಯಿಂದ ಮುಂದಕ್ಕೆ ಬಾಗಿ ಜೋತುಬೀಳುವ ಸ್ಟ್ಯಾಂಡ್‌ಗಳೂ ಇವೆ. ಇವು ನನಗೆ ಇಷ್ಟ. ಕೈ ನೆಲದ ಹತ್ತಿರವೇ ಇರುತ್ತದೆ, ಎಷ್ಟು ಭಾರ ಬಿಡಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರುತ್ತದೆ. ಪಾದದ ಗಂಟಿಗೆ ಏನೂ ಇಲ್ಲ. ಆದರೆ ಇಲ್ಲಿ ಸೊಂಟ ಮುಂದಕ್ಕೆ ಬಾಗುತ್ತದೆ. ನಿಂತರೆ, ನಡೆದರೆ ಕಾಲು ಎಳೆದು, ಕೂತರೆ ಅಥವಾ ಬಾಗಿದರೆ ಹಾಯೆನಿಸುವವರಿಗೆ ಈ ಭಂಗಿ ಒಗ್ಗುತ್ತದೆ. ಶೂ ಲೇಸ್ ಕಟ್ಟಲು ಬಾಗಿದಾಗ, ಜಾಸ್ತಿ ಹೊತ್ತು ಕೂತಾಗ ಕಾಲಿನ ಎಳೆತ ಹೆಚ್ಚುವವರಿಗೆ ಇದರಿಂದ ನೋವು ಕೆರಳಬಹುದು. ನೀವು ಇದರಲ್ಲಿ ಯಾವ ಗುಂಪು ಅಂತ ಬರೆದಿಲ್ಲ. ಕೂತು ಮಾಡುವ ಕೆಲಸ, ಮೀನಖಂಡದ ತನಕ ಎಳೆತ ಅನ್ನೋದನ್ನು ನೋಡಿದರೆ ಎರಡನೆಯ ಗುಂಪು ಇರಬಹುದು ಅನಿಸುತ್ತದೆ. ಒಂದು ವಾರ ನಿಮ್ಮನ್ನು ನೀವೇ ಗಮನಿಸಿ. ಯಾವ ಭಂಗಿಯಲ್ಲಿ ನೋವು ಕೆಳಕ್ಕಿಳಿಯುತ್ತದೆ, ಯಾವುದರಲ್ಲಿ ಮೇಲಕ್ಕೆ ಸರಿಯುತ್ತದೆ ಅಂತ ಬರೆದಿಡಿ. ಖರೀದಿಗೆ ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ.

ಬಟ್ಟೆಯ ಜೋಲಿಯಲ್ಲಿ ಹಿಡಿತ ಕಟಿಯಲ್ಲಿ ಸಿಗುತ್ತದೆ, ಎಳೆತ ಚೆನ್ನಾಗಿಯೇ ಬರುತ್ತದೆ. ಆದರೆ ಎಲ್ಲವೂ ಚಾವಣಿಗೆ ಹಾಕಿದ ಕೊಕ್ಕೆಯ ಮೇಲೆ ನಿಂತಿದೆ. ಅಲುಗಾಡಿದಾಗ ಕೊಕ್ಕೆಯ ಮೇಲೆ ಬೀಳುವ ಬಲ ನಿಮ್ಮ ತೂಕಕ್ಕಿಂತ ಜಾಸ್ತಿ ಇರುತ್ತದೆ. ಬಾಗಿಲಿನ ಚೌಕಟ್ಟಿಗೆ ಸಿಕ್ಕಿಸುವ ಕಂಬಿಯಿಂದ ಜೋಲಿ ಕಟ್ಟಿ ತಲೆಕೆಳಗಾಗಬೇಡಿ. ಜೊತೆಗೆ, ಇದನ್ನು ಕಲಿಸುವವರು ಎದುರಿಗೆ ಇರಬೇಕು. ಬಿಪಿ ಮಾತ್ರೆ ತಗೊಳ್ಳುವ ಹೊಸಬರಿಗೆ ಇದು ಮೊದಲ ಆಯ್ಕೆ ಅಲ್ಲ.

ಉಳಿದದ್ದು ಟೇಬಲ್. ಡಾಕ್ಟರು ಒಪ್ಪಿದರೆ ನಿಮಗೆ ನಾನು ಹೇಳುವುದು ಇದನ್ನೇ. ಕಾರಣ ಒಂದೇ, ಕೋನವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು, ಅಲ್ಲೇ ನಿಲ್ಲಿಸಬಹುದು.

ಕೋನದ ಲೆಕ್ಕ ಒಮ್ಮೆ ನೋಡಿ. ಸಮತಟ್ಟಾಗಿ ಮಲಗಿದರೆ 0 ಡಿಗ್ರಿ, ಪೂರ್ತಿ ತಲೆಕೆಳಗಾದರೆ 90. ಪೂರ್ತಿ ತಲೆಕೆಳಗಾದಾಗ ಸಿಗುವ ಎಳೆತದ ಅರ್ಧ 30 ಡಿಗ್ರಿಗೇ ಸಿಗುತ್ತದೆ. 45ಕ್ಕೆ ಶೇ. 70ರಷ್ಟು, 60ಕ್ಕೆ ಶೇ. 87ರಷ್ಟು. ಮೈ ತೂಕದ ಹೆಚ್ಚುಕಡಿಮೆ ಅರ್ಧ ಸೊಂಟಕ್ಕಿಂತ ಮೇಲಿನ ಭಾಗದ್ದು. ನಿಮ್ಮ 88 ಕೆಜಿಯಲ್ಲಿ ಸುಮಾರು 44 ಕೆಜಿ. 30 ಡಿಗ್ರಿಯಲ್ಲಿ ಸೊಂಟಕ್ಕೆ ಬೀಳುವ ಎಳೆತ ಹೆಚ್ಚೆಂದರೆ 22 ಕೆಜಿ, 60ರಲ್ಲಿ 38 ಕೆಜಿ. ಬೆನ್ನು ಹಾಸಿಗೆಗೆ ಉಜ್ಜಿ ತಡೆಯುವುದರಿಂದ ನಿಜವಾಗಿ ಸಿಗುವುದು ಇನ್ನೂ ಕಡಿಮೆ. 60ರಿಂದ 90ಕ್ಕೆ ಹೋದರೆ ಸಿಗುವ ಹೆಚ್ಚುವರಿ ಎಳೆತ ಕೊಂಚ, ತಲೆಗೆ ಏರುವ ಒತ್ತಡ ಮಾತ್ರ ಜಾಸ್ತಿ. ಹಾಗಾಗಿ ನೆಟ್ಟಗೆ ನಿಂತಲ್ಲಿಂದ ಲೆಕ್ಕ ಹಾಕಿ ‘ಪೂರ್ತಿ 180 ತಿರುಗುತ್ತದೆ’ ಅನ್ನುವ ಜಾಹೀರಾತಿಗೆ ಬೆಲೆ ಕೊಡಬೇಡಿ. ನಿಮಗೆ ಬೇಕಾದದ್ದು 20, 30, 40 ಡಿಗ್ರಿಯಲ್ಲಿ ಗಟ್ಟಿಯಾಗಿ ನಿಲ್ಲುವ ಟೇಬಲ್.

ಇದೇ ಲೆಕ್ಕದಲ್ಲಿ ಪಾದದ ಗಂಟನ್ನೂ ನೆನೆಯಿರಿ. ಸೊಂಟಕ್ಕೆ ಅರ್ಧ ಮೈಯ ಎಳೆತ, ಗಂಟಿಗೆ ಇಡೀ ಮೈಯದ್ದು. ಈ ಸಾಧನದಲ್ಲಿ ಅತಿ ದೊಡ್ಡ ಅಪಾಯವೂ ಅಲ್ಲೇ ಇದೆ. ಕಾಲು ಜಾರಿದರೆ ತಲೆ, ಕುತ್ತಿಗೆ ನೇರ ನೆಲಕ್ಕೆ. ಹಾಗಾಗಿ ಟೇಬಲ್ ನೋಡಲು ಹೋದಾಗ ಹಾಸಿಗೆಯ ಬಣ್ಣ, ಮಸಾಜ್ ಮೋಟರ್, ಬಿಸಿ ಪ್ಯಾಡ್ ಇವೆಲ್ಲ ಬಿಟ್ಟು ನೇರ ಕಾಲಿನ ಬೀಗದ ಹತ್ತಿರ ಹೋಗಿ. ಗಂಟಿನ ಮುಂದೆ, ಹಿಂದೆ ಎರಡು ಮೆತ್ತೆಗಳಿರುತ್ತವೆ. ಅವು ಕಾಲಿನ ಸುತ್ತ ಅಗಲವಾಗಿ ಕೂರಬೇಕು. ಬರೀ ಎರಡು ಉರುಟು ಸ್ಪಾಂಜ್ ರೋಲರ್‌ಗಳಾದರೆ ಭಾರವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಚುಚ್ಚುತ್ತದೆ. ಬೀಗ ಹಾಕಿದಾಗ ‘ಟಕ್’ ಅಂತ ಸದ್ದು ಬಂದು ಪಿನ್ ತೂತಿಗೆ ಪೂರ್ತಿ ಇಳಿಯಬೇಕು. ಕಾಲನ್ನು ಮುಂದೆ, ಹಿಂದೆ, ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಹಿಮ್ಮಡಿ ಮೇಲಕ್ಕೆ ಜಾರುವಷ್ಟು ಸಂದು ಇದ್ದರೆ ಆ ಟೇಬಲ್ ನಿಮ್ಮ ಕಾಲಿಗಲ್ಲ.

ಬೀಗದ ಹಿಡಿ ಎಷ್ಟು ಉದ್ದ ಇದೆ ಅಂತಲೂ ನೋಡಿ. ಇದನ್ನು ತುಂಬ ಜನ ಗಮನಿಸುವುದಿಲ್ಲ. ಗಿಡ್ಡ ಹಿಡಿ ಇದ್ದರೆ ಟೇಬಲ್‌ಗೆ ಒರಗಿ ನಿಂತು, ಪೂರ್ತಿ ಬಾಗಿ, ಗಂಟಿನ ಹತ್ತಿರ ಕೈ ಹಾಕಿ ಬೀಗ ಹಾಕಬೇಕು. ಡಿಸ್ಕ್ ನೋವಿರುವವರಿಗೆ ಅದೇ ಅತಿ ಕೆಟ್ಟ ಚಲನೆ. ಅದಕ್ಕಿಂತ ಕೆಟ್ಟದ್ದು ಇಳಿಯುವಾಗ. ಆಗಷ್ಟೇ ಸಡಿಲಗೊಂಡ ಸೊಂಟವನ್ನು ಆ ಕ್ಷಣವೇ ಬಾಗಿಸಿದರೆ ಹಿಡಿದುಕೊಳ್ಳುವ ಸಾಧ್ಯತೆ ಜಾಸ್ತಿ. ತೊಡೆಯ ಮಟ್ಟಕ್ಕೆ ಬರುವ ಉದ್ದ ಹಿಡಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಸರಿಯೇ.

ತೂಕದ ಮಿತಿ ಹಲವು ಟೇಬಲ್‌ಗಳಲ್ಲಿ 136 ಕೆಜಿ ಇರುತ್ತದೆ. ನಿಮ್ಮ ತೂಕಕ್ಕೆ ಅದು ಸಾಕು. ಎತ್ತರದ ಮಿತಿಯನ್ನೂ ಕೇಳಿ, ಯಾಕೆಂದರೆ ಇಬ್ಬರು ಬಳಸುವ ಯೋಚನೆ ಇದೆ. ಹಾಸಿಗೆ ತೀರಾ ಮೆತ್ತಗಿದ್ದರೆ ಮೈ ಹೂತು ಅಲ್ಲೇ ಹಿಡಿದುಕೊಳ್ಳುತ್ತದೆ. ಗಟ್ಟಿಯಾದ, ನುಣುಪಾದ ಹಾಸಿಗೆಯ ಮೇಲೆ ಬೆನ್ನು ಜಾರಿದರೇ ಎಳೆತ ಸೊಂಟ ತಲುಪುವುದು. ಚೌಕಟ್ಟು ಅಗಲವಾಗಿ ನೆಲ ಹಿಡಿಯಬೇಕು, ನೀವು ತಿರುಗುವಾಗ ಒಂದು ಕಾಲೂ ನೆಲದಿಂದ ಏಳಬಾರದು. ಕೋನ ದಾಟದಂತೆ ತಡೆಯುವ ಪಟ್ಟಿ ಇರಲೇಬೇಕು. ಮೋಟರ್ ಇರುವ ಟೇಬಲ್ ಆದರೆ ಕರೆಂಟ್ ಹೋದಾಗ ಹೇಗೆ ಮೇಲೆ ಬರುವುದು ಅಂತ ಅಂಗಡಿಯವರ ಮುಂದೆಯೇ ಮಾಡಿ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಬೆಸುಗೆ ಬಿರುಕು ಬಿಟ್ಟಿದೆಯಾ, ತಿರುಗುವ ಕಡೆಯ ತೂತು ಸವೆದು ಮೊಟ್ಟೆಯಾಕಾರ ಆಗಿದೆಯಾ, ಪಿನ್ನಿನ ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಕೈಪಿಡಿ ಇಲ್ಲದ ಹಳೆ ಟೇಬಲ್ ತಗೊಳ್ಳಬೇಡಿ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಬ್ಯಾಲೆನ್ಸ್ ಹೊಂದಿಸುವುದು. ಎತ್ತರದ ಕಂಬಿಯನ್ನು ನಿಮ್ಮ ಎತ್ತರದ ಗುರುತಿಗೆ ಇಟ್ಟು, ಪಟ್ಟಿ ಕಟ್ಟಿ, ಇನ್ನೊಬ್ಬರು ಪಕ್ಕದಲ್ಲಿ ನಿಂತಿರುವಾಗ ಮಲಗಿ. ಎರಡೂ ಕೈ ಎದೆಯ ಮೇಲೆ ಮಡಚಿ. ಸರಿಯಾಗಿ ಹೊಂದಿಸಿದ್ದರೆ ಟೇಬಲ್ ತಕ್ಕಡಿಯ ಹಾಗೆ ತೂಗಿ, ಪಾದದ ಕಡೆ ತುಸು ಮೇಲೆದ್ದು ನಿಲ್ಲುತ್ತದೆ. ಒಂದು ಕೈಯನ್ನು ನಿಧಾನ ತಲೆಯ ಮೇಲೆ ಚಾಚಿದರೆ ತಲೆಯ ಕಡೆ ಮೆಲ್ಲಗೆ ಇಳಿಯುತ್ತದೆ. ಕೈ ಎದೆಗೆ ತಂದರೆ ವಾಪಸ್ ಬರುತ್ತದೆ. ಕೈ ಎತ್ತುವ ಮೊದಲೇ ಧಡಕ್ಕನೆ ಕೆಳಗೆ ಹೋದರೆ ಕಂಬಿಯನ್ನು ಒಂದು ತೂತು ಉದ್ದ ಮಾಡಿ. ಕೈ ಚಾಚಿದರೂ ಅಲುಗದಿದ್ದರೆ ಒಂದು ತೂತು ಗಿಡ್ಡ ಮಾಡಿ. ಈ ಹೊಂದಾಣಿಕೆಗೆ ಒಂದು ಸಂಜೆ ಪೂರ್ತಿ ಹೋದರೂ ಪರವಾಗಿಲ್ಲ. ಹೇಗೆ ಮೇಲೆ ಬರುವುದು ಅಂತ ಗೊತ್ತಿದ್ದರೆ ಮಾತ್ರ ಮೈ ಸಡಿಲವಾಗುತ್ತದೆ. ಹೆದರಿಕೆಯಿಂದ ಬೆನ್ನಿನ ಸ್ನಾಯು ಬಿಗಿದರೆ, ಅದು ಮೂಳೆಗಳನ್ನು ಮತ್ತೆ ಒತ್ತಿ ಹಿಡಿಯುತ್ತದೆ. ಆಗ 60 ಡಿಗ್ರಿಯಲ್ಲಿ ನೇತಾಡಿದರೂ ಡಿಸ್ಕ್‌ಗೆ ಏನೂ ಸಿಗುವುದಿಲ್ಲ.

ಮೊದಲ ವಾರ 20ರಿಂದ 30 ಡಿಗ್ರಿ, ಒಂದೆರಡು ನಿಮಿಷ, ದಿನಕ್ಕೆ ಒಮ್ಮೆ. ಅಷ್ಟೇ. ಲೇಸ್ ಕಟ್ಟಿದ, ಚಪ್ಪಟೆ ತಳದ ಶೂ ಹಾಕಿಕೊಳ್ಳಿ. ಊಟ ಆಗಿ ಎರಡು ಗಂಟೆ ಆಗಿರಲಿ. ಉಸಿರು ಬಿಗಿಹಿಡಿಯಬೇಡಿ, ಬಿಪಿ ಇನ್ನೂ ಏರುತ್ತದೆ. ಜೋತುಬಿದ್ದು ಹೊಟ್ಟೆಯ ಕ್ರಂಚ್, ತಿರುಚುವ ವ್ಯಾಯಾಮ ಯಾವುದೂ ಬೇಡ. ತಲೆಯಲ್ಲಿ ಬಡಿತ, ಕಣ್ಣು ಉಬ್ಬಿದ ಹಾಗೆ ಅನಿಸುವುದು, ನೋಟ ಮಂಜಾಗುವುದು, ಎದೆ ಬಿಗಿತ ಇದರಲ್ಲಿ ಏನಾದರೂ ಆದರೆ ತಕ್ಷಣ ಮೇಲೆ ಬನ್ನಿ. ಅವತ್ತಿಗೆ ಸಾಕು ಮಾಡಿ, ಡಾಕ್ಟರಿಗೆ ತಿಳಿಸಿ. ವಾಪಸ್ ಬರುವಾಗ ಸಮತಟ್ಟಿನಲ್ಲಿ ಒಂದೆರಡು ನಿಮಿಷ ಹಾಗೇ ಮಲಗಿರಿ. ಸ್ನಾಯು ಮತ್ತೆ ಭಾರ ಹೊರಲು ಸಿದ್ಧವಾಗಬೇಕು. ಸರಕ್ಕನೆ ಎದ್ದರೆ ತಲೆ ತಿರುಗುತ್ತದೆ, ಸೊಂಟವೂ ಹಿಡಿಯಬಹುದು. ಎಲ್ಲ ಸರಿ ಹೋದರೆ ವಾರಕ್ಕೆ ಸ್ವಲ್ಪ ಏರಿಸುತ್ತಾ 45ಕ್ಕೆ, ಐದು ನಿಮಿಷಕ್ಕೆ ಬನ್ನಿ. ನಿಮ್ಮ ಬಿಪಿ ನೋಡಿದರೆ ಅದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಮಾಡಲೇಬೇಡಿ.

ಯಾವ ಹೊತ್ತು ಒಳ್ಳೆಯದು ಅಂದರೆ, ನಾನು ಸಂಜೆ ಅನ್ನುತ್ತೇನೆ. ದಿನವಿಡೀ ಭಾರ ಹೊತ್ತು ಡಿಸ್ಕ್‌ಗಳು ನೀರು ಬಿಟ್ಟು ತೆಳುವಾಗುತ್ತವೆ. ಬೆಳಗಿಗಿಂತ ಸಂಜೆಗೆ ನಾವು ಒಂದೆರಡು ಸೆಂ.ಮೀ. ಗಿಡ್ಡ ಆಗಿರುತ್ತೇವೆ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ತುಂಬಿಕೊಳ್ಳುತ್ತದೆ. ಎದ್ದ ತಕ್ಷಣ ಅದು ಬಿಗಿಯಾಗಿಯೇ ಇರುತ್ತದೆ, ಆಗ ಎಳೆಯುವುದಕ್ಕೆ ಅರ್ಥವಿಲ್ಲ.

ಕೆಲಸ ಮಾಡುತ್ತಿದೆಯಾ ಅಂತ ಹೇಗೆ ಗೊತ್ತಾಗುತ್ತದೆ? ನೋವು ಎಲ್ಲಿದೆ ಅನ್ನೋದನ್ನು ನೋಡಿ. ಮೀನಖಂಡದಲ್ಲಿದ್ದ ಎಳೆತ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಸರಿದರೆ ಒಳ್ಳೆಯ ಲಕ್ಷಣ. ಆ ಹೊತ್ತು ಸೊಂಟದ ನೋವು ಕೊಂಚ ಜಾಸ್ತಿ ಅನಿಸಿದರೂ ಹೆದರಬೇಕಿಲ್ಲ. ಸೊಂಟ ಹಗುರಾಗಿ, ಕಾಲಿನ ನೋವು ಕೆಳಗೆ ಪಾದದ ಕಡೆ ಇಳಿದರೆ ಅಲ್ಲಿಗೇ ನಿಲ್ಲಿಸಿ. ನಾಲ್ಕು ವಾರ ನೋಡಿ. ಏನೂ ಬದಲಾಗದಿದ್ದರೆ ಕೋನ ಏರಿಸಿದರೆ ಆದೀತೇನೋ ಅಂತ ಮುಂದುವರಿಸಬೇಡಿ. ಸಾಧ್ಯವಾದರೆ ಕೊಳ್ಳುವ ಮೊದಲು ಟೇಬಲ್ ಇರುವ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಕೆಲವು ಸಲ ಮಾಡಿ ನೋಡಿ.

ಡಾಕ್ಟರು ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ತಲೆ ಕೆಳಗಾಗದೆಯೂ ಡಿಸ್ಕ್‌ನ ಭಾರ ಇಳಿಸಬಹುದು. 1999ರಲ್ಲಿ ಜರ್ಮನಿಯಲ್ಲಿ ಒಬ್ಬ ಆರೋಗ್ಯವಂತ ಸ್ವಯಂಸೇವಕರ ಡಿಸ್ಕ್‌ನೊಳಗೆ ಪುಟ್ಟ ಸೆನ್ಸರ್ ಇಟ್ಟು ಒತ್ತಡ ಅಳೆದರು. ನಿಮಗೆ ತೊಂದರೆ ಇರುವ ಎಲ್4-ಎಲ್5 ಡಿಸ್ಕೇ ಅದು. ನಿಂತಾಗ 0.5 ಮೆಗಾಪ್ಯಾಸ್ಕಲ್, ಅಂಗಾತ ಮಲಗಿದಾಗ 0.1. ಬೆನ್ನು ಬಾಗಿಸಿ 20 ಕೆಜಿ ಎತ್ತಿದಾಗ 2.3. ಸುಮ್ನೆ ಮಲಗಿದರೇ ನಿಂತಾಗಿನ ಒತ್ತಡದ ಐದನೇ ಒಂದು ಭಾಗಕ್ಕೆ ಇಳಿಯಿತು, ಅಲ್ವಾ? ನೆಲದ ಮೇಲೆ ಅಂಗಾತ ಮಲಗಿ, ಎರಡೂ ಮೀನಖಂಡ ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ ಇರಿ. ಮಧ್ಯಾಹ್ನ ಕೆಲಸದ ನಡುವೆಯೂ ಇದನ್ನು ಮಾಡಬಹುದು. ಇನ್ನೊಂದು, ಗಟ್ಟಿಯಾದ ಕಂಬಿ ಹಿಡಿದು ಪಾದ ನೆಲದಲ್ಲೇ ಊರಿ, ಮಂಡಿ ಮಡಚಿ ಅರ್ಧ ಭಾರ ಬಿಡುವುದು. ಹಿಡಿತ ಮೇಲೆ, ಕಟಿ ಮತ್ತು ಕಾಲಿನ ಭಾರ ಕೆಳಗೆ. ಸೊಂಟಕ್ಕೆ ಎಳೆತ ಸಿಗುತ್ತದೆ, ತಲೆಗೆ ರಕ್ತ ಇಳಿಯುವುದಿಲ್ಲ. 20 ಸೆಕೆಂಡಿನಂತೆ ನಾಲ್ಕೈದು ಸಲ ಸಾಕು. ಭುಜ ನೋಯುವವರು ಇದನ್ನು ಬಿಡಬೇಕು.

ಟೇಬಲ್ ಬರಲಿ, ಬಿಡಲಿ, ನಡಿಗೆ ಬಿಡಬೇಡಿ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ತಂಡ ಸೊಂಟ ನೋವಿನಿಂದ ಚೇತರಿಸಿಕೊಂಡ 701 ಜನರನ್ನು ಹಿಂಬಾಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಫಿಸಿಯೋಥೆರಪಿಸ್ಟ್ ಸಲಹೆಯಂತೆ ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಜನಕ್ಕೆ ನೋವು ಮರುಕಳಿಸುವ ಹೊತ್ತಿಗೆ 208 ದಿನ ಆಗಿತ್ತು. ಏನೂ ಮಾಡದವರಲ್ಲಿ 112 ದಿನ. ಇನ್ವರ್ಶನ್‌ಗೆ ಇಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ಟೇಬಲ್‌ನಿಂದ ಇಳಿದ ಮೇಲೆ ಹದಿನೈದು ನಿಮಿಷ ನಡೆಯುವುದನ್ನು ಅದರ ಭಾಗವೇ ಅಂದುಕೊಂಡು ಮಾಡಿ.

ಕೊನೆಗೆ ನಿಮ್ಮ ಹೆಂಡತಿಯವರ ವಿಷಯ. ಮೇಲೆ ಹೇಳಿದ ತೊಂದರೆಗಳು ಯಾವುವೂ ಇಲ್ಲದಿದ್ದರೆ, ಅವರೂ ಕಣ್ಣು ತೋರಿಸಿ ಬಂದ ಮೇಲೆ ಬಳಸಬಹುದು. ಸ್ಟ್ರೆಚಿಂಗ್‌ಗೆ 20ರಿಂದ 30 ಡಿಗ್ರಿ ಸಾಕು, ಕೈ ತಲೆಯ ಮೇಲೆ ಚಾಚಿದರೆ ಭುಜ, ಪಕ್ಕೆಗಳೂ ಹಿಗ್ಗುತ್ತವೆ. ಆದರೆ ನಿಮ್ಮ ಹೊಂದಾಣಿಕೆಯಲ್ಲಿ ಅವರು ಒಂದು ದಿನವೂ ಹತ್ತಬಾರದು. ನಿಮಗೂ ಅವರಿಗೂ 23 ಸೆಂ.ಮೀ. ಅಂತರ ಇದೆ. ಕಂಬಿ ಬದಲಿಸದೆ ಹತ್ತಿದರೆ ಅವರ ಬ್ಯಾಲೆನ್ಸ್ ಪೂರ್ತಿ ತಪ್ಪುತ್ತದೆ. ಇಬ್ಬರ ತೂತಿನ ಸಂಖ್ಯೆಯನ್ನೂ ಟೇಪಿನ ಮೇಲೆ ಬರೆದು ಚೌಕಟ್ಟಿಗೆ ಅಂಟಿಸಿ. ಪ್ರತಿ ಸಲ ಹತ್ತುವ ಮೊದಲು ಕಂಬಿಯ ಪಿನ್, ಕಾಲಿನ ಬೀಗ, ಪಟ್ಟಿ ಮೂರನ್ನೂ ಹತ್ತುವವರು ಒಮ್ಮೆ, ಪಕ್ಕದಲ್ಲಿ ನಿಂತವರು ಒಮ್ಮೆ ಮುಟ್ಟಿ ನೋಡಿ. ಅವರ ಪಾದ ಸಣ್ಣದಿದ್ದು ಮೆತ್ತೆಗಳ ನಡುವೆ ಸಂದು ಉಳಿದರೆ ಟವೆಲ್ ಸುತ್ತಿ ತುಂಬಿಸಬೇಡಿ. ಟವೆಲ್ ಜಾರುತ್ತದೆ. ಹಾಗಿದ್ದರೆ ಆ ಟೇಬಲ್ ನಿಮಗೆ ಮಾತ್ರ ಇರಲಿ. ಅವರ ಸ್ಟ್ರೆಚಿಂಗ್‌ಗೆ ಕಂಬಿ ಹಿಡಿದು ಅರ್ಧ ಭಾರ ಬಿಡುವ ವಿಧಾನವೇ ಸಾಕು.